ರವಾನೆ ದಿನಾಂಕ

ಹಿನಕಲ್
28-6-2025, ಶನಿವಾರ

ದಾಕ್ಷಿ,

ಕವರಿನ ಮೇಲೆ ನನ್ನ ಅಕ್ಷರ ಕಂಡ ಕೂಡ್ಲೇ ಹರಿದು ಬಿಸಾಕೋಕೆ ಹೊರಟಿದ್ರೆ ಒಂದು ನಿಮಿಷ ತಡ್ಕೊ. ಓದಿ ಆಮೇಲೆ ಹರಿ. ತಾಳ್ಮೆ ಅನ್ನೋದು ನಮ್ಮಿಬ್ಬರಲ್ಲಿ ಇದ್ದಿದ್ದು ನಿಂಗೇ, ನಂಗಲ್ಲ.

ಹಿನಕಲ್ಲಿಂದ ಬೋಗಾದಿಗೆ ಅಂಚೆಯಲ್ಲಿ ಕಾಗದ! ನಡ್ಕೊಂಡು ಬಂದ್ರೆ ಮುಕ್ಕಾಲು ಗಂಟೆ ದಾರಿ. ಆದ್ರೆ ಫೋನ್ ಮಾಡಿದ್ರೆ ನಿನ್ನ ಫೋನು ನನ್ನ ನಂಬರನ್ನ ಒಳಗೇ ಬಿಡಲ್ಲ. ಬಾಗಿಲಿಗೇ ಬಂದ್ರೆ ನೀನು ಬಿಡ್ತೀಯೋ ಇಲ್ವೋ, ನಂಗೆ ಧೈರ್ಯ ಇಲ್ಲ. ನಾಲ್ಕು ವರ್ಷ ಆಗ್ತಾ ಬಂತು ಕಣೇ ನಾವು ಮಾತು ಬಿಟ್ಟು.

ನಾನಿನ್ನೂ ಅದೇ ಆಫೀಸಲ್ಲಿ ಅದೇ ಕಿಟಕಿ ಪಕ್ಕ ಕೂತಿದೀನಿ. ಕೆಲಸ ಮಾತ್ರ ಬದಲಾಗಿದೆ. ಆಗ ಟ್ರಾನ್ಸ್‌ಪೋರ್ಟಿನೋರು ಕಳಿಸೋ ಒಂದೇ ರವಾನೆ ಚೀಟಿನ ನಾವಿಬ್ರೂ ಬೇರೆಬೇರೆ ಕಂಪ್ಯೂಟರಲ್ಲಿ ಹೊಡೀತಿದ್ವಲ್ಲ, ಚೀಟಿ ನಂಬರು, ಪಾರ್ಟಿ ಹೆಸರು, ಎಷ್ಟು ಡಬ್ಬ, ಯಾವ ಊರಿಗೆ, ರವಾನೆ ದಿನಾಂಕ. ಇಬ್ಬರದೂ ತಾಳೆ ಆದ್ರೆ ಪಾಸು. ಬೇರೆ ಆದ್ರೆ ರವಿಚಂದ್ರ ಸರ್ ಕಾಗದ ತೆಗೆದು ನೋಡಿ ಯಾರು ಸರಿ ಅಂತ ಹೇಳೋರು. ಈಗ ನಿನ್ನ ಕುರ್ಚಿ ಇಲ್ಲ, ನಿನ್ನ ಜಾಗಕ್ಕೆ ಸಾಫ್ಟ್‌ವೇರ್ ಬಂದಿದೆ. ಸ್ಕ್ಯಾನ್ ಆದ ಚೀಟಿನ ಅದೇ ಓದಿ, ಬೇಕಾದ್ದನ್ನ ಆರಿಸಿ, ಆಯಾ ಕಾಲಮ್ಮಿಗೆ ತುಂಬುತ್ತೆ. ದೇವರಾಜ ಮೊಹಲ್ಲಾದಲ್ಲಿ ಒಂದೊಂದು ಅಂಗಡಿ ಚೀಟಿ ಒಂದೊಂದು ಥರ ಅಲ್ವಾ? ಒಬ್ಬರು ತಾರೀಕು ಮೇಲೆ ಬರೀತಾರೆ, ಒಬ್ಬರು ಸೀಲಿನ ಕೆಳಗೆ, ಊದುಬತ್ತಿ ಅಂಗಡಿಯೋರು ಹಾಳೆ ಅಂಚಲ್ಲಿ ಉದ್ದುದ್ದಕ್ಕೆ. ಅದಕ್ಕೇ ಸಾಫ್ಟ್‌ವೇರಿಗೆ ಹುಡುಕೋದು ಕಲಿಸಿದಾರೆ. 'ರವಾನೆ' ಅಂತ ಎಲ್ಲಿದೆ ನೋಡು, ಅದರ ಬಲಕ್ಕೆ ನೋಡು, ಇಲ್ದಿದ್ರೆ ಕೆಳಕ್ಕೆ ನೋಡು ಅಂತ. ಅದಕ್ಕೂ ಗೊತ್ತಾಗದೇ ಹೋದ್ರೆ ಆ ಕಾಲಮ್ಮನ್ನ ಹಳದಿ ಮಾಡಿ ನನ್ನ ಮುಂದೆ ಇಡುತ್ತೆ. ನಾನು ಕಾಗದ ನೋಡಿ ತುಂಬಬೇಕು. ಕಾಗದದಲ್ಲೂ ಇಲ್ಲದಿದ್ರೆ ಖಾಲಿ ಬಿಡಬೇಕು. ಕಂಡಿದ್ದನ್ನ ಮಾತ್ರ ಹೊಡೀಬೇಕು ಅನ್ನೋ ಹಳೇ ನಿಯಮ ಹಾಗೇ ಇದೆ.

ಮೊನ್ನೆ ಮಂಗಳವಾರ ಊದುಬತ್ತಿ ಅಂಗಡಿ ಚೀಟಿ ಬಂತು. ಹುಬ್ಬಳ್ಳಿಗೆ ಹದಿನಾಲ್ಕು ಡಬ್ಬ, ಹಿಂದಿನ ದಿನ ಬರೆದದ್ದು. ರವಾನೆ ದಿನಾಂಕ ಹಳದಿ. ನಾನು ಒಂದು ಕೈಲಿ ಟೀ ಲೋಟ ಹಿಡ್ಕೊಂಡು ಇನ್ನೊಂದು ಕೈಲಿ 27 ಅಂತ ಹೊಡೆದೆ. ಎಂಟರ್ ಒತ್ತೋಕೆ ಮುಂಚೆ ಕಾಗದ ನೋಡಿದ್ರೆ ಅಲ್ಲಿ ಏನೂ ಇಲ್ಲ ಕಣೇ! ಅಂಚು ಬೋಳು. ಹಾಗಾದ್ರೆ ಈ 27 ಎಲ್ಲಿಂದ ಬಂತು? ಟೀ ಆರೋವರೆಗೂ ಯೋಚನೆ ಮಾಡಿದೆ. ಹುಬ್ಬಳ್ಳಿ ಲಾರಿ ಹೊರಡೋದು ಬುಧವಾರ. ಈ ಬುಧವಾರ ಅಮಾವಾಸ್ಯೆ. ಊದುಬತ್ತಿ ಅಂಗಡಿ ಯಜಮಾನ್ರು ಅಮಾವಾಸ್ಯೆ ದಿನ ಸರಕು ಹತ್ತಿಸಲ್ಲ, ಮಾರನೇ ದಿನ ಪಾಡ್ಯ, ಆವತ್ತೂ ಹತ್ತಿಸಲ್ಲ. ಹಾಗಾಗಿ ಅದರ ಮುಂದಿನ ಲಾರಿ, ಶುಕ್ರವಾರ, ಇಪ್ಪತ್ತೇಳು. ಇಷ್ಟೆಲ್ಲ ನಾನು ಯೋಚನೇನೇ ಮಾಡಿರಲಿಲ್ಲ ದಾಕ್ಷಿ, ಬೆರಳೇ ಮಾಡಿಬಿಟ್ಟಿತ್ತು. ವರ್ಷಾನುಗಟ್ಟಲೆ ಅವರ ಚೀಟಿ ಹೊಡೆದು ಹೊಡೆದು ಕೈಗೆ ಅಭ್ಯಾಸ ಆಗಿಹೋಗಿದೆ.

ಲೋಟ ಕೆಳಗಿಟ್ಟೆ. ಇಪ್ಪತ್ತೊಂದನೇ ಇಸವಿ ಅಕ್ಟೋಬರ್ ನೆನಪಾಯ್ತು. ಅದೇ ಅಂಗಡಿ, ಮೂವತ್ತೊಂದು ಚೀಟಿ, ಒಂದರಲ್ಲೂ ರವಾನೆ ದಿನಾಂಕ ಇಲ್ಲ. ನಾವಿಬ್ರೂ ಎಲ್ಲದಕ್ಕೂ 8 ಅಂತ ಹೊಡೆದಿದ್ವಿ. ತಾಳೆ ಆಯ್ತು, ಪಾಸಾಯ್ತು. ಲಾರಿ ನಿಜವಾಗ್ಲೂ ಹೊರಟಿದ್ದು ಆರನೇ ತಾರೀಕು. ಸರಕು ನೆಂದು ವಿಮೆ ಕೇಳೋಕೆ ಹೋದಾಗ ತಾರೀಕು ಹೊಂದಲ್ಲ ಅಂತ ಟ್ರಾನ್ಸ್‌ಪೋರ್ಟಿನೋರು ನಮ್ಮ ಆಫೀಸಿಗೆ ಬಂದು ಕೂಗಾಡಿದ್ರು. "ಬುಧವಾರ ಆರು ಅಂತ ಇಬ್ರೂ ಊಹೆ ಮಾಡಿದ್ರೆ ನಂಬ್ತಿದ್ದೆ. ಇಬ್ಬರ ತಲೆಗೂ ಶುಕ್ರವಾರ ಎಂಟು ಹೇಗಮ್ಮ ಬಂತು? ಒಬ್ಬರು ಇನ್ನೊಬ್ಬರದ್ದು ನೋಡಿದೀರಿ" ಅಂದ್ರು ರವಿಚಂದ್ರ ಸರ್. ನಾನಂತೂ ನೋಡಿರಲಿಲ್ಲ. ಹಾಗಾದ್ರೆ ನೀನೇ ನೋಡಿರಬೇಕು ಅಂದ್ಕೊಂಡೆ. ಕೊರೊನಾ ಅಂತ ನಮ್ಮಿಬ್ಬರ ಮಧ್ಯೆ ಗಾಜು ನಿಲ್ಲಿಸಿದ್ರಲ್ಲ, ಅದರಲ್ಲಿ ಪಕ್ಕದ ಸ್ಕ್ರೀನು ಕಾಣ್ತಿತ್ತು. "ಗಾಜಿನಲ್ಲಿ ನೋಡಿರಬಹುದು ಸರ್ ಅವಳು" ಅಂದ್ಬುಟ್ಟೆ. ಮಾರನೇ ವಾರ ನಿನ್ನ ಕುರ್ಚಿ ಖಾಲಿ.

ಹಳೇ ಕ್ಯಾಲೆಂಡರ್ ಹುಡುಕಿ ನೋಡಿದೆ. ಆ ಆರನೇ ತಾರೀಕು ಮಹಾಲಯ ಅಮಾವಾಸ್ಯೆ, ಏಳು ಪಾಡ್ಯ. ಅದೊಂದು ಅಮಾವಾಸ್ಯೆ ಮಾತ್ರ ಯಜಮಾನ್ರು ಯಾಕೋ ಪದ್ಧತಿ ಬಿಟ್ಟು ಸರಕು ಹತ್ತಿಸಿದಾರೆ, ಅದು ನಮ್ಮ ಬೆರಳಿಗೆ ಹೇಗೆ ಗೊತ್ತಾಗಬೇಕು?

ನೀನು ನೋಡಿರಲಿಲ್ಲ. ನಿನ್ನ ಬೆರಳೂ ನನ್ನ ಬೆರಳಿನ ಹಾಗೇ ಮಾಡಿತ್ತು, ಅಷ್ಟೇ. ಇದು ಆಗಲೇ ಯಾಕೆ ಹೊಳೀಲಿಲ್ಲ ಅಂತೀಯಾ? ನಮ್ಮನೆಯವರ ಆಟೋ ಒಂದೂವರೆ ವರ್ಷದಿಂದ ನಿಂತಿತ್ತು, ನನ್ನ ಕೆಲಸ ಹೋಗುತ್ತೆ ಅನ್ನೋ ಭಯದಲ್ಲಿ ತಲೆ ಓಡಲಿಲ್ಲ, ಬಾಯಿ ಓಡ್ತು. ತಪ್ಪಾಯ್ತು ದಾಕ್ಷಿ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತು ಒಂದೇ ಡಬ್ಬೀಲಿ ಉಂಡವಳ ಮೇಲೆ ಹಾಗೆ ಹೇಳಬಾರದಿತ್ತು.

ಉತ್ತರ ಬರೀತೀಯಾ ಅಂತ ಕಾಯ್ತಾ ಇರ್ತೀನಿ.

ನಿನ್ನ
ಚಾಮು


ಹಿನಕಲ್
20-7-2025

ದಾಕ್ಷಿ,

ಮೂರು ವಾರ ಆಯ್ತು. ಪೋಸ್ಟಾಫೀಸಿನ ಹೆಂಗಸನ್ನ ಕೇಳಿದೆ, "ಇಷ್ಟು ಹತ್ತಿರಕ್ಕೆ ಹಾಕಿದ ಕಾಗದ ಕಳೆದುಹೋಗಲ್ಲ ಮೇಡಂ, ತಲುಪಿರುತ್ತೆ" ಅಂದ್ಲು. ಅಂದ್ರೆ ತಲುಪಿದೆ. ಓದಿದೀಯ. ಸುಮ್ಮನಿದೀಯ.

ಸಿಟ್ಟು ಬರ್ತಿದೆ ನಂಗೆ, ಬರಬಾರದು ಅಂತ ಗೊತ್ತಿದ್ರೂ. ತಪ್ಪಾಯ್ತು ಅಂದೋಳಿಗೆ "ಹೋಗೇ" ಅಂತಾದ್ರೂ ಒಂದು ಮಾತು ಹೇಳಬಾರದಾ? ಬೈದು ಬರಿ. ನೀನು ಬೈದ್ರೆ ಎಷ್ಟು ಚೆನ್ನಾಗಿ ಬೈತೀಯ ಅಂತ ನಂಗೆ ಗೊತ್ತು, ಕ್ಯಾಂಟೀನಿನವನು ಸಾಂಬಾರಿಗೆ ಬೆಲ್ಲ ಹಾಕಿದ ದಿನ ಕೇಳಿದೀನಲ್ಲ.

ಸಾಫ್ಟ್‌ವೇರ್ ಜೊತೆ ಕೂತು ಕೂತು ಒಂದು ವಿಷಯ ಗೊತ್ತಾಗಿದೆ. ಅದಕ್ಕೆ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹಳದಿ ಮಾಡಿ ಕೂತುಬಿಡುತ್ತೆ. ಆವತ್ತು ಸರ್ ಕೇಳಿದಾಗ ನಾನೂ ಗೊತ್ತಿಲ್ಲ ಅಂದಿದ್ರೆ ಮುಗೀತಿತ್ತು. ಸಾಫ್ಟ್‌ವೇರ್ ನೋಡ್ಕೊಳ್ಳೋ ಶಾಲಿನಿ ಮೇಡಂಗೆ ಇದನ್ನ ಹೇಳಿದೆ. ಮೂವತ್ತೈದು ವರ್ಷದ ಹೆಂಗಸು, ಕುಂಬಾರಕೊಪ್ಪಲಿನವರು, ನಗ್ತಾನೇ ಇರ್ತಾರೆ. ಆವತ್ತು ನಗಲಿಲ್ಲ. "ಅವರಿಗೆ ಇನ್ನೊಂದು ಕಾಗದ ಬರೀರಿ" ಅಂದ್ರು. ಬರೆದಿದೀನಿ.

ಮಳೆ ಹಿಡ್ಕೊಂಡಿದೆ. ನಿನ್ನ ಮಂಡಿನೋವು ಹೇಗಿದೆ?

ಚಾಮು


ಬೋಗಾದಿ
6-8-2025

ಶ್ರೀಮತಿ ಚಾಮುಂಡೇಶ್ವರಿ ಅವರಿಗೆ,

ನಿಮ್ಮ ಎರಡು ಕಾಗದಗಳೂ ಬಂದಿವೆ. ಹರಿದಿಲ್ಲ. ಮಂಡಿನೋವು ಇದೆ.

ನಾನು ಇಲ್ಲಿ ಮೆಸ್ ನಡೆಸುತ್ತಿದ್ದೇನೆ. ಸುತ್ತಮುತ್ತ ಬಾಡಿಗೆ ಕೋಣೆಗಳಲ್ಲಿರುವ ಕಾಲೇಜು ಮಕ್ಕಳು ಇಪ್ಪತ್ತಾರು ಜನ ಎರಡು ಹೊತ್ತು ಉಣ್ಣುತ್ತಾರೆ. ನಮ್ಮ ಯಜಮಾನರು ತರಕಾರಿ ತಂದು ಹೆಚ್ಚಿಕೊಡುತ್ತಾರೆ. ಚೆನ್ನಾಗಿದ್ದೇವೆ. ಆ ಕೆಲಸ ಹೋಯಿತೆಂದು ನನಗೆ ಈಗ ದುಃಖವಿಲ್ಲ. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ, ಇರುವುದು ಹಾಗೆ.

ಆದರೆ ಒಂದು ವಿಷಯ ಹೇಳಬೇಕು. ಆಫೀಸು ಬಿಡುವಾಗ ರವಿಚಂದ್ರ ಅವರು ಒಂದು ಪತ್ರ ಕೊಟ್ಟರು. ಅದರಲ್ಲಿ ಹೆಸರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಅಂತ ಸಾಲಾಗಿ ಇತ್ತು. ಕಾರಣದ ಮುಂದೆ 'ಸಹೋದ್ಯೋಗಿಯ ಕೆಲಸ ನಕಲು ಮಾಡಿದ್ದು' ಎಂದು ಬರೆದಿದ್ದರು. ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಹೋದ ಏಪ್ರಿಲ್‌ನಲ್ಲಿ ನಮ್ಮ ಗಾರ್ಗಿ ತನ್ನ ಜಾತಿ ಪ್ರಮಾಣಪತ್ರ ಹುಡುಕುವಾಗ ಅದು ಅವಳ ಕೈಗೆ ಸಿಕ್ಕಿತು. ಅವಳಿಗೆ ಹತ್ತೊಂಬತ್ತು. "ಅಮ್ಮ, ನೀನು ಕಾಪಿ ಹೊಡೆದಿದ್ಯಾ?" ಎಂದು ಕೇಳಿದಳು. ಇಲ್ಲ ಎಂದೆ. "ಸರಿ ಬಿಡು" ಎಂದಳು. ಅವಳು ನಂಬಲಿಲ್ಲ. ಏಳನೇ ಕ್ಲಾಸಿನಲ್ಲಿ ಪಕ್ಕದವಳ ಪೇಪರ್ ನೋಡಿದಳೆಂದು ನಾನು ಅವಳಿಗೆ ಎರಡು ಏಟು ಕೊಟ್ಟಿದ್ದೆ. ಆ ಮಾತನ್ನು ಅವಳು ಆಡಲಿಲ್ಲ, ಆದರೆ ಅವಳ ಮುಖದಲ್ಲಿ ಅದೇ ಇತ್ತು. ಅವತ್ತಿನಿಂದ ನಾನು ಏನಾದರೂ ಬುದ್ಧಿ ಹೇಳಲು ಹೋದರೆ ಸುಮ್ಮನೆ ಕೇಳಿಸಿಕೊಂಡು ಎದ್ದು ಹೋಗುತ್ತಾಳೆ.

ನಿಮ್ಮ ಕ್ಷಮೆ ನನ್ನ ಮನೆಗೆ ಬಂದಿದೆ. ಅದು ಬರಬೇಕಾದದ್ದು ಆಫೀಸಿನ ಆ ಕಾಗದಕ್ಕೆ. ಗಾಜಿನ ಮಾತನ್ನು ನೀವು ಯಾರ ಮುಂದೆ ಹೇಳಿದಿರೋ ಅವರ ಮುಂದೆಯೇ ಹೋಗಿ ಅದು ಸುಳ್ಳೆಂದು ಹೇಳಿ. ಆ ಸಾಲನ್ನು ತೆಗೆಸಿ. ಅಲ್ಲಿಯವರೆಗೆ ಮಳೆ, ಮಂಡಿ ಅಂತ ಬರೆಯಬೇಡಿ.

ದಾಕ್ಷಾಯಣಮ್ಮ


ಹಿನಕಲ್
24-8-2025, ಭಾನುವಾರ

ದಾಕ್ಷಿ,

'ಅವರಿಗೆ' ಅಂತೆ, 'ನೀವು' ಅಂತೆ! ಕಪಾಳಕ್ಕೆ ಹೊಡೆದಿದ್ರೂ ಇಷ್ಟು ಉರೀತಿರಲಿಲ್ಲ. ಇರಲಿ, ನಂಗೆ ಬೇಕಾಗಿತ್ತು.

ಗಾರ್ಗಿ ವಿಷಯ ಓದಿ ಎರಡು ದಿನ ಊಟ ಸೇರಲಿಲ್ಲ. ಅವಳ ಹುಟ್ಟಿದಹಬ್ಬಕ್ಕೆ ನಾನು ತಂದುಕೊಟ್ಟ ಫ್ರಾಕು ಹಾಕ್ಕೊಂಡು ಆಫೀಸಿಗೆ ಬಂದು ಕುಣಿದಾಡಿದ ಮಗು ಅದು. ಅವಳ ಕಣ್ಣಲ್ಲಿ ನಿನ್ನ ಕಳ್ಳಿ ಮಾಡಿದೋಳು ನಾನು.

ಸೋಮವಾರ ರವಿಚಂದ್ರ ಸರ್ ಹತ್ರ ಹೋದೆ. ಎಲ್ಲ ಹೇಳಿದೆ, ಅಮಾವಾಸ್ಯೆ, ಪಾಡ್ಯ, ಇಪ್ಪತ್ತೇಳು. ಕೇಳಿಸ್ಕೊಂಡ್ರು. ಕನ್ನಡಕ ತೆಗೆದು ಒರೆಸಿದ್ರು. ನಿಂಗೊತ್ತಲ್ಲ, ಅವರು ಕನ್ನಡಕ ಒರೆಸಿದ್ರೆ ಇಲ್ಲ ಅಂತ ಅರ್ಥ.

"ಹಾಗಾದ್ರೆ ಆವತ್ತು ನೀವು ನನಗೆ ಸುಳ್ಳು ಹೇಳಿದ್ರಾ?"

"ಸುಳ್ಳು ಅಂತ ಗೊತ್ತಿರಲಿಲ್ಲ ಸರ್. ಊಹೆ ಮಾಡಿ ಹೇಳಿದೆ."

"ನಿಮ್ಮ ಊಹೆ ಮೇಲೆ ಒಬ್ಬರನ್ನ ಕಳಿಸಿದೀನಿ ನಾನು. ಈಗ ನೀವಿಬ್ಬರೂ ಒಂದಾಗಿ ಬಂದು ಇನ್ನೊಂದು ಊಹೆ ಹೇಳ್ತಿದೀರಿ. ಇದನ್ನ ನಂಬೋದು ಹೇಗೆ?"

ನಾವಿಬ್ಬರೂ ಒಂದಾಗಿ! ಸರ್, ಅವಳು ನನ್ನನ್ನ 'ನೀವು' ಅಂತಾಳೆ ಅಂತ ಹೇಳೋಣ ಅನ್ನಿಸ್ತು. ಹೇಳಲಿಲ್ಲ. ಆವತ್ತು ನಾನು ಏನು ಹೇಳಿದೆ, ಯಾಕೆ ಹೇಳಿದೆ, ಅದು ಕಣ್ಣಾರೆ ಕಂಡಿದ್ದಲ್ಲ ಅಂತ ಅಲ್ಲೇ ಕೂತು ಒಂದು ಹಾಳೆ ಬರೆದು ಸಹಿ ಹಾಕಿ ಕೊಟ್ಟೆ. ಅದು ನನ್ನ ಫೈಲಿಗೆ ಹೋಗುತ್ತೆ, ಒಂದು ಎಚ್ಚರಿಕೆ ಪತ್ರಾನೂ ಬರುತ್ತೆ ಅಂದ್ರು. ಬರಲಿ ಬುಡು. ಹೊರಗೆ ಬಂದ ಮೇಲೆ ನಾಲ್ಕು ವರ್ಷದಿಂದ ಎದೇಲಿ ಸಿಕ್ಕೊಂಡಿದ್ದು ಸ್ವಲ್ಪ ಸಡಿಲ ಆದ ಹಾಗಾಯ್ತು.

ನಿನ್ನ ಆ ಸಾಲು ಮಾತ್ರ ತೆಗೆಯಲ್ಲ ಅಂದ್ರು, ಪುರಾವೆ ಬೇಕು ಅಂತ. ಆಗ ಶಾಲಿನಿ ಮೇಡಂ ಒಂದು ದಾರಿ ಹೇಳಿದ್ರು. ನನ್ನ ಕಣ್ಣಿಗೇ ಬೀಳದೆ ಸಾಫ್ಟ್‌ವೇರ್ ತಾನೇ ಓದಿ ಪಾಸು ಮಾಡಿದ ಚೀಟಿ ಸಾವಿರಾರು ಇವೆ. ಅದರಲ್ಲಿ ಈ ಬೇಸಿಗೆಯಿಂದೀಚೆಗೆ ಬಂದ ನಲವತ್ತನ್ನ ಅವರೇ ಆರಿಸ್ತಾರೆ. ರವಾನೆ ದಿನಾಂಕ ಮುಚ್ಚಿ, ಚೀಟಿ ಬರೆದ ದಿನ ಮಾತ್ರ ಕಾಣೋ ಹಾಗೆ ಬಿಟ್ಟು ನಮ್ಮಿಬ್ಬರಿಗೂ ಕೊಡ್ತಾರೆ. ನಂಗೆ ಇಲ್ಲಿ ಸರ್ ಎದುರು, ನಿಂಗೆ ನಿಮ್ಮನೇಲಿ ಶಾಲಿನಿ ಮೇಡಂ ಎದುರು, ಒಂದೇ ಹೊತ್ತಲ್ಲಿ. ಫೋನು ಅವರ ಕೈಲಿ. ಗೋಡೆ ಮೇಲೆ ಕ್ಯಾಲೆಂಡರ್ ಇರಬಹುದು, ಅಷ್ಟೇ. ಏನು ತೋಚುತ್ತೋ ಅದನ್ನ ಹೊಡೀಬೇಕು. ಒಬ್ಬರದ್ದೊಬ್ಬರು ನೋಡದೆಯೂ ನಮ್ಮ ಊಹೆ ತಾಳೆ ಆಗುತ್ತೋ ಇಲ್ವೋ ಅಂತ ಪರೀಕ್ಷೆ. ಸರ್ ಒಪ್ಪಿದಾರೆ. ತಾಳೆ ಆಗದಿದ್ರೆ ಈ ಮಾತು ಇನ್ಯಾವತ್ತೂ ಎತ್ತಬಾರದು ಅಂತಲೂ ಹೇಳಿದಾರೆ.

ನೀನು ಒಪ್ಪಿದ್ರೆ ಶಾಲಿನಿ ಮೇಡಂ ನಂಬರಿಗೆ ಫೋನ್ ಮಾಡು, ಹಿಂದುಗಡೆ ಬರೆದಿದೀನಿ. ನಂಗೆ ಮಾಡಬೇಕಾಗಿಲ್ಲ. ನಾಡಿದ್ದು ಗೌರಿಹಬ್ಬ. ಬಾಗಿನ ಕೊಡೋಕೆ ನಿನ್ನ ಮನೆಗೆ ಬರೋ ಯೋಗ್ಯತೆ ನಂಗಿನ್ನೂ ಬಂದಿಲ್ಲ, ಅದು ಬಂದ ದಿನ ಬರ್ತೀನಿ.

ಚಾಮು


ಬೋಗಾದಿ
15-9-2025

ಚಾಮುಂಡೇಶ್ವರಿ,

ಶನಿವಾರ ಪರೀಕ್ಷೆ ಮುಗಿಯಿತು. ನಿನಗೂ ಆಗಿರಬೇಕು.

ಶಾಲಿನಿ ಅವರು ಹತ್ತೂವರೆಗೆ ಬಂದರು. ಲ್ಯಾಪ್‌ಟಾಪ್ ಇಡಲು ಜಾಗವಿರಲಿಲ್ಲ, ಚಪಾತಿ ಲಟ್ಟಿಸುವ ಮೇಜು ಒರೆಸಿ ಅಲ್ಲೇ ಇಟ್ಟೆ. ಕುಕ್ಕರ್ ಕೂಗುತ್ತಿತ್ತು. ನನ್ನ ಬೆರಳು ಮೊದಲಿನ ಹಾಗಿಲ್ಲ, ನಾಲ್ಕು ವರ್ಷದಿಂದ ಹಿಟ್ಟು ನಾದಿ ದಪ್ಪಗಾಗಿವೆ. ಮೊದಲ ಚೀಟಿಗೆ ಮೂರು ಸಲ ತಪ್ಪು ಕೀಲಿ ಒತ್ತಿದೆ. ಆಮೇಲೆ ಆ ಹಾಳೆಗಳು ಒಂದೊಂದೇ ಬರತೊಡಗಿದವು. ಊದುಬತ್ತಿ ಅಂಗಡಿ, ಅರಿಸಿನ ಕುಂಕುಮದ ಅಂಗಡಿ, ಆ ಬೆತ್ತದ ಬುಟ್ಟಿಯವರು. ಸೀಲು ಇನ್ನೂ ಓರೆಯಾಗಿಯೇ ಒತ್ತುತ್ತಾರೆ. ತುಂಬಾ ದಿನದ ಮೇಲೆ ನೆಂಟರನ್ನು ಕಂಡ ಹಾಗಾಯಿತು.

ಶಾಲಿನಿ ಅವರು ನನ್ನ ಮುಖ ನೋಡುತ್ತಾ ಕೂತಿದ್ದರು. ನಲವತ್ತೂ ಮುಗಿದ ಮೇಲೆ ಊಟಕ್ಕೆ ಏಳಿ ಎಂದೆ. ಪರೀಕ್ಷೆಗೆ ಬಂದವರು ಉಣ್ಣಬಾರದೇನೋ ಎಂದು ಹಿಂದೆ ಮುಂದೆ ನೋಡಿದರು. ಆಮೇಲೆ ಹುರುಳಿಕಾಳು ಬಸ್ಸಾರಿಗೆ ಎರಡು ಸಲ ಮುದ್ದೆ ಹಾಕಿಸಿಕೊಂಡರು. ಉತ್ತರಗಳ ಕವರಿಗೆ ಅಂಟು ಹಚ್ಚಿ ನನ್ನಿಂದ ಅದರ ಮೇಲೆ ಸಹಿ ಮಾಡಿಸಿಕೊಂಡು ಹೋದರು.

ಗಾರ್ಗಿ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನಿದು ಎಂದು ಕೇಳಿದಳು. ಹೇಳಿದೆ. ಕೇಳಿಸಿಕೊಂಡು ಒಳಗೆ ಹೋದಳು.

ನನಗೆ ಈಗ ಹೆದರಿಕೆಯಾಗುತ್ತಿದೆ. ಇಲ್ಲಿಯವರೆಗೆ ಆಗಿರಲಿಲ್ಲ. ನೀನು ಆ ಅಂಗಡಿಗಳ ಚೀಟಿ ದಿನಾ ನೋಡುತ್ತೀಯ, ನಾನು ನೋಡಿ ನಾಲ್ಕು ವರ್ಷವಾಯಿತು. ಅವರ ಪದ್ಧತಿ ಬದಲಾಗಿದ್ದರೆ ನಿನಗೆ ಗೊತ್ತಿರುತ್ತದೆ, ನನಗೆ ಗೊತ್ತಿರುವುದಿಲ್ಲ. ನೀನು ಸರಿ ಹೊಡೆದು ನಾನು ತಪ್ಪು ಹೊಡೆದರೆ ನಾನು ಕಳ್ಳಿಯಾಗಿಯೇ ಉಳಿಯುತ್ತೇನೆ. ರಾತ್ರಿ ಅಕ್ಕಿ ಆರಿಸುತ್ತಾ ಕುಂಕುಮದ ಅಂಗಡಿಯವರದು ಮಂಗಳವಾರ ಹಾಕಬೇಕಿತ್ತೋ ಬುಧವಾರವೋ ಅಂತ ಅದೇ ಯೋಚನೆ.

ಏನೇ ಬರಲಿ, ಬಂದ ಹಾಗೆ ಬರಿ. ಮುಚ್ಚಿಡಬೇಡ.

ದಾಕ್ಷಾಯಣಿ


ಹಿನಕಲ್
27-9-2025, ಶನಿವಾರ

ದಾಕ್ಷೀ,

ಮೊದಲು ಒಳಗಿರೋ ಇನ್ನೊಂದು ಕವರ್ ತೆಗಿ. ಓದು. ಆಮೇಲೆ ನನ್ನದು ಓದು.

ಓದಿದ್ಯಾ? 'ಹಿಂದಿನ ಪತ್ರದಲ್ಲಿ ನಮೂದಿಸಿದ್ದ ಕಾರಣ ತಪ್ಪಾಗಿರುತ್ತದೆ. ಶ್ರೀಮತಿ ದಾಕ್ಷಾಯಣಮ್ಮನವರು ಯಾರ ಕೆಲಸವನ್ನೂ ನಕಲು ಮಾಡಿರುವುದಿಲ್ಲ. ಇದಕ್ಕಾಗಿ ಸಂಸ್ಥೆಯು ವಿಷಾದಿಸುತ್ತದೆ.' ಸೀಲು ನೋಡು, ಸಹಿ ನೋಡು. 'ವಿಷಾದಿಸುತ್ತದೆ' ಅನ್ನೋದನ್ನ ಸೇರಿಸಿ ಅಂತ ಹಟ ಹಿಡಿದವರು ಶಾಲಿನಿ ಮೇಡಂ. ನಿನ್ನ ಬಸ್ಸಾರು ಕೆಲಸ ಮಾಡಿದೆ.

ಬಂದ ಹಾಗೇ ಬರೀತೀನಿ. ಸರ್ ಎರಡು ಕವರೂ ಒಡೆದು ಮೇಜಿನ ಮೇಲೆ ಹರಡಿದ್ರು. ನಾನು ಗೋಡೆ ಕಡೆ ತಿರುಗಿ ನಿಂತ್ಬುಟ್ಟೆ. ಶಾಲಿನಿ ಮೇಡಂ ಒಂದೊಂದೇ ಓದೋರು, ಸರ್ ಟಿಕ್ ಹಾಕೋರು. ನಲವತ್ತರಲ್ಲಿ ಮೂವತ್ತನಾಲ್ಕು ತಾಳೆ ಆಯ್ತು.

ನಾನು ಕುಣಿಯೋಕೆ ಹೋದೆ. ಸರ್ ಸುಮ್ಮನಿರಿ ಅಂದ್ರು. "ಇಬ್ಬರಿಗೂ ಕೆಲಸ ಗೊತ್ತು, ಸರಿ ಉತ್ತರ ಇಬ್ಬರಿಗೂ ಸಿಕ್ಕಿರಬಹುದು, ಅದರಲ್ಲೇನಿದೆ" ಅಂದ್ರು. ಆಮೇಲೆ ಮುಚ್ಚಿದ್ದ ನಿಜವಾದ ತಾರೀಕುಗಳನ್ನ ತೆಗೆದು ಅದರ ಜೊತೆ ನೋಡಿದ್ರು. ಮೂವತ್ತನಾಲ್ಕರಲ್ಲಿ ಒಂಬತ್ತು ತಪ್ಪು ಕಣೇ! ಇಬ್ಬರದೂ ತಪ್ಪು, ಇಬ್ಬರದೂ ಒಂದೇ ತಪ್ಪು. ಊದುಬತ್ತಿ ಅಂಗಡೀಲಿ ಈಗ ಮಗ ಕೂತಿದಾನೆ, ಅವನಿಗೆ ಅಮಾವಾಸ್ಯೆ ಹುಣ್ಣಿಮೆ ಯಾವುದೂ ಲೆಕ್ಕ ಇಲ್ಲ, ಲಾರಿ ಬಂದ್ರೆ ಹತ್ತಿಸ್ತಾನೆ. ಕುಂಕುಮದ ಅಂಗಡಿಯೋರು ಮಂಗಳವಾರ ಸರಕು ಹೊರಗೆ ಕಳಿಸ್ತಿರಲಿಲ್ಲ, ಈಗ ಕಳಿಸ್ತಾರೆ. ದಿನಾ ಚೀಟಿ ನೋಡೋ ನಂಗೂ ಇದು ಗೊತ್ತಾಗಿಲ್ಲ, ನನ್ನ ಮುಂದೆ ಬರೋದು ತಾರೀಕಿಲ್ಲದ ಹಳದಿ ಚೀಟಿ ಮಾತ್ರ ಅಲ್ವಾ. ನನ್ನ ಕೈ ಇನ್ನೂ ಹಳೇ ಯಜಮಾನ್ರ ಕಾಲದಲ್ಲೇ ಇದೆ, ನಿನ್ನದೂ ಅಲ್ಲೇ ಇದೆ.

ಸರ್ ಆ ಒಂಬತ್ತನ್ನ ಮೂರು ಸಲ ಎಣಿಸಿದ್ರು. ಕನ್ನಡಕ ಒರೆಸಲಿಲ್ಲ. "ಒಂದೇ ಸರಿ ಉತ್ತರ ಬಂದ್ರೆ ಅರ್ಥ ಆಗುತ್ತೆ. ಬೇರೆಬೇರೆ ಮನೇಲಿ ಕೂತು ಒಂದೇ ತಪ್ಪನ್ನ ಒಂಬತ್ತು ಸಲ ಮಾಡೋದು ನಾನೆಲ್ಲೂ ನೋಡಿಲ್ಲ" ಅಂದ್ರು. ಪೆನ್ನು ಕೆಳಗಿಟ್ಟು, "ದಾಕ್ಷಾಯಣಮ್ಮನವರಿಗೆ ನಾನು ಅನ್ಯಾಯ ಮಾಡಿದೆ" ಅಂದ್ರು. ನಾನು ಅತ್ತೆ, ಶಾಲಿನಿ ಮೇಡಂ ಕೂಡ. ಟೈಪ್ ಮಾಡಿಸಿ ಸಂಜೆಯೊಳಗೆ ಸಹಿ ಹಾಕಿಕೊಟ್ರು. ಹಳದಿ ಬಿದ್ದಿದ್ದನ್ನ ನೋಡೋಕೆ ಇನ್ನೊಬ್ಬರು ಬೇಕಾಗಿದಾರಂತೆ, ನೀನು ಬರೋದಾದ್ರೆ ಯಾವಾಗ ಬೇಕಾದ್ರೂ ಬಾ ಅಂತಲೂ ಹೇಳಿದಾರೆ. ಆ ಅಮಾವಾಸ್ಯೆ ಪದ್ಧತೀನ ಸಾಫ್ಟ್‌ವೇರಿಗೂ ಕಲಿಸಿಬಿಡೋಣ ಅಂದೆ ನಾನು. "ದಯವಿಟ್ಟು ಬೇಡ, ನೀವಿಬ್ಬರೇ ಸಾಕು" ಅಂದ್ರು ಶಾಲಿನಿ ಮೇಡಂ.

ದಸರಾ ಅಂತ ಊರೆಲ್ಲ ದೀಪ. ಬಸ್ಸುಗಳನ್ನ ಎಲ್ಲೆಲ್ಲೋ ತಿರುಗಿಸಿ ಬಿಡ್ತಿದಾರೆ. ಅದಕ್ಕೇ ಮೇಟಗಳ್ಳಿ ಅಂಚೆಕಚೇರಿವರೆಗೂ ನಡೆದು ರಿಜಿಸ್ಟರ್ ಮಾಡಿಸಿ ಕಳಿಸ್ತಿದೀನಿ, ಈ ಕಾಗದ ಮಾತ್ರ ಕಳೆಯೋ ಹಾಗಿಲ್ಲ.

ಗಾರ್ಗಿ ಏನಂದ್ಲು ಬರಿ. ಇಷ್ಟು ಬರೆದ್ರೆ ಸಾಕು, ಇನ್ನೇನೂ ಕೇಳಲ್ಲ.

ಚಾಮು


ಬೋಗಾದಿ
7-10-2025

ಚಾಮು,

ಗಾರ್ಗಿ ಏನೂ ಅನ್ನಲಿಲ್ಲ. ನಿಂತುಕೊಂಡೇ ಓದಿದಳು. ಬೀರುವಿನಿಂದ ಆ ಹಳೆಯ ಪತ್ರ ತೆಗೆದು ನನ್ನ ಕಣ್ಣೆದುರಿಗೇ ಹರಿದಳು. ಆಮೇಲೆ ಅಡುಗೆಮನೆಗೆ ಬಂದು ಲಟ್ಟಣಿಗೆ ಕಿತ್ತುಕೊಂಡು "ನೀನು ಕೂತ್ಕೋ, ನಾನು ಲಟ್ಟಿಸ್ತೀನಿ" ಎಂದಳು. ಅವತ್ತು ಹುಡುಗರು ಉಂಡ ಚಪಾತಿ ಒಂದೂ ದುಂಡಗಿರಲಿಲ್ಲ. ನನಗೆ ಇಷ್ಟು ಸಂತೋಷವಾಗಿ ಎಷ್ಟು ವರ್ಷವಾಗಿತ್ತೋ ಗೊತ್ತಿಲ್ಲ.

ಕೆಲಸಕ್ಕೆ ಬರುವುದಿಲ್ಲ. ನನ್ನ ಮೆಸ್ ನನಗೆ ಚೆನ್ನಾಗಿದೆ. ರವಿಚಂದ್ರ ಅವರಿಗೆ ಬೇರೆ ಕಾಗದದಲ್ಲಿ ವಂದನೆ ತಿಳಿಸಿದ್ದೇನೆ.

ಇನ್ನು ನಿನಗೊಂದು ಹೇಳುವುದಿದೆ. ಎರಡು ಸಲ ಬರೆದು ಹರಿದೆ. ಹೇಳದೆ ಬಿಟ್ಟರೆ ನೀನು ಇನ್ನೂ ತಪ್ಪಾಯ್ತು ತಪ್ಪಾಯ್ತು ಅನ್ನುತ್ತಲೇ ಇರುತ್ತೀಯ, ನಾನು ಒಳ್ಳೆಯವಳ ಹಾಗೆ ಕೇಳಿಸಿಕೊಳ್ಳುತ್ತಾ ಕೂತಿರಬೇಕು. ಅದು ನನಗಾಗದು.

ಅವತ್ತು ರವಿಚಂದ್ರ ಅವರು ಮೊದಲು ಕರೆದದ್ದು ನನ್ನನ್ನು. ನೀನು ಆಗ ಕೆಳಗೆ ಟೀ ಕುಡಿಯಲು ಹೋಗಿದ್ದೆ. "ನಿಮ್ಮಿಬ್ಬರಲ್ಲಿ ಯಾರು ನೋಡಿದ್ದು?" ಎಂದು ಕೇಳಿದರು. ನಾನು ನೋಡಿರಲಿಲ್ಲವಲ್ಲ, ಹಾಗಾದರೆ ನೋಡಿದವಳು ನೀನೇ ಎಂದುಕೊಂಡೆ. ಹಿಂದಿನ ದಿನ ನೀನು ಆ ಗಾಜಿನ ಕಡೆ ಬಗ್ಗಿ ಬಗ್ಗಿ ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಈಗ ಯೋಚಿಸಿದರೆ ನೀನು ಬೈತಲೆ ಸರಿಮಾಡಿಕೊಳ್ಳುತ್ತಿದ್ದೆ ಅನ್ನಿಸುತ್ತದೆ. ಆಗ ಅನ್ನಿಸಿದ್ದು, ಚಾಮು ನನ್ನದನ್ನು ನೋಡಿ ಹೊಡೆದಿದ್ದಾಳೆ, ಮನೆ ಚಿಂತೆಯಲ್ಲಿ ಅವಳಿಗೆ ಕೆಲಸದ ಮೇಲೆ ಗಮನವಿಲ್ಲ ಅಂತ. ನಿಮ್ಮನೆಯವರ ಆಟೋ ನಿಂತಿತ್ತು, ನಿನ್ನ ಕೆಲಸ ಹೋದರೆ ಒಲೆ ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ "ಇಬ್ಬರೂ ನೋಡಿಲ್ಲ ಸರ್, ಅವಳಂತೂ ಅಂಥವಳಲ್ಲ" ಎಂದೆ. ಶುದ್ಧ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ಹೇಳಿದೆ. ಆಮೇಲೆ ನೀನು ಹೋಗಿ ಗಾಜಿನ ಮಾತು ಹೇಳಿದೆ. ಹಾಗಾಗಿ ಸುಳ್ಳು ಹೇಳಿದವಳು ನಾನೇ ಎಂದು ಅವರು ತೀರ್ಮಾನಿಸಿದರು.

ನಾಲ್ಕು ವರ್ಷ ನನ್ನ ಹೊಟ್ಟೆ ಉರಿದದ್ದು ಕೆಲಸ ಹೋಯಿತೆಂದಲ್ಲ. ನನ್ನದನ್ನು ನೋಡಿ ಹೊಡೆದು, ಮೇಲೆ ನನ್ನ ಮೇಲೆಯೇ ಹಾಕಿದಳಲ್ಲ ಎಂದು. ನಿನ್ನ ಜೂನ್ ತಿಂಗಳ ಕಾಗದ ಬಂದ ದಿನ ಅದನ್ನು ಐದು ಸಲ ಓದಿದೆ. ನೀನು ನೋಡಿಯೇ ಇರಲಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತು. ಐದು ವಾರ ಉತ್ತರ ಬರೆಯದೆ ಕೂತದ್ದು ಸಿಟ್ಟಿನಿಂದಲ್ಲ ಚಾಮು, ನಾಚಿಕೆಯಿಂದ. ನೀನು ನನ್ನನ್ನು ಕಳ್ಳಿ ಅಂದುಕೊಂಡೆ, ನಾನೂ ನಿನ್ನನ್ನು ಹಾಗೇ ಅಂದುಕೊಂಡೆ. ಬಾಯಿ ಬಿಟ್ಟು ಹೇಳಿದವಳು ನೀನಾದ್ದರಿಂದ ಇಷ್ಟು ದಿನ ತಪ್ಪೆಲ್ಲ ನಿನ್ನದಾಯಿತು. 'ನೀವು' ಎಂದು ಬರೆದದ್ದಕ್ಕೆ ನನ್ನನ್ನು ಕ್ಷಮಿಸು.

ಭಾನುವಾರ ಮೆಸ್ಸಿಗೆ ರಜೆ. ಈ ಕಾಗದಕ್ಕೆ ಉತ್ತರ ಬರೆಯಬೇಡ. ಊಟದ ಹೊತ್ತಿಗೆ ಬಾ. ಗಾರ್ಗಿಗೆ ಆಗಲೇ ಹೇಳಿದ್ದೇನೆ, ಚಾಮು ದೊಡ್ಡಮ್ಮ ಬರ್ತಾಳೆ ಅಂತ.

ದಾಕ್ಷಿ